ಬೆರಳಿಗೆ ಗೊತ್ತಾಗೋ ಜಾಹೀರಾತು

2011ರಲ್ಲಿ ಅಂಚೆ ಇಲಾಖೆ ಗಾಂಧೀಜಿಯ ಅಂಚೆಚೀಟಿಯನ್ನು ಖಾದಿ ಬಟ್ಟೆಯ ಮೇಲೆಯೇ ಮುದ್ರಿಸಿತು. ಖಾದಿ ಅಂದ್ರೆ ಏನಂತ ವಿವರಿಸೋದೇ ಬೇಡ, ಮುಟ್ಟಿದರೆ ಗೊತ್ತಾಗುತ್ತೆ. ಅಂಚೆಯಲ್ಲಿ ಜಾಹೀರಾತು ಕಳಿಸೋರಿಗೂ ಇದೇ ಪಾಠ.

ಬ್ರಹ್ಮಾವರದಲ್ಲಿ ಕೈಮಗ್ಗದ ಉಡುಪಿ ಸೀರೆ ಮಾರೋರು ಬರೀ ಫೋಟೊ ಕಳಿಸಿದರೆ ಅದು ಪವರ್‌ಲೂಮ್ ಸೀರೆಯ ಹಾಗೇ ಕಾಣಬಹುದು. ಎರಡು ಇಂಚು ಬಟ್ಟೆ ಅಂಟಿಸಿದರೆ ಬೆಲೆ ಯಾಕೆ ಹೆಚ್ಚು ಅನ್ನೋದು ಕೈಗೇ ತಿಳಿಯುತ್ತೆ. ಬೈಂದೂರಿನ ಹೋಮ್‌ಸ್ಟೇಗೆ ಅಡಿಕೆ ಹಾಳೆಯ ಕಾರ್ಡ್ ಚೆಂದ. ಆದ್ರೆ ಒಣಗಿದ ಹಾಳೆ ಮಡಚಿದರೆ ಸೀಳುತ್ತೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತೆ. ತೂಕ ಏರಿದರೆ ಅಂಚೆದರವೂ ಏರುತ್ತೆ.

ಹಾಗಾಗಿ ಕುಂದಾಪುರದ ಸಣ್ಣ ಅಂಗಡಿಯವರು ಒಮ್ಮೆಲೇ ಸಾವಿರ ಜನಕ್ಕೆ ಕಳಿಸಬೇಡಿ. ಹಳೇ ಗಿರಾಕಿಗಳಲ್ಲಿ 50 ಜನಕ್ಕೆ ಇದು, ಇನ್ನು 50 ಜನಕ್ಕೆ ಬರೀ ಕಾಗದ. ಎರಡಕ್ಕೂ ಬೇರೆ ಬೇರೆ ಕೂಪನ್ ಕೋಡ್ ಹಾಕಿ. ಖರ್ಚು ಹುಟ್ಟಿತೋ ಇಲ್ಲವೋ, ಬಿಲ್ ಪುಸ್ತಕವೇ ಹೇಳುತ್ತೆ.