ಓಡುವ ಬಂಡಿಗಳ ಮಾತುಕತೆ

ಅಮೃತೂರಿನ ಕಡೆಯಿಂದ ಕುಣಿಗಲ್ಲಿಗೆ ರಾತ್ರಿಯ ವೇಳೆ ಗಾಡಿ ಹೂಡಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಎತ್ತುಗಳ ಕೊರಳ ಗಂಟೆಯೂ ಗಾಡಿಯ ಕೆಳಗೆ ತೂಗುವ ಲಾಂದ್ರವೂ ಎದುರು ಬರುವವರನ್ನು ಎಚ್ಚರಿಸುತ್ತಿದ್ದವು. ಗಾಡಿಯ ನಡೆ ನಿಧಾನವಾದುದರಿಂದ ಅಷ್ಟೇ ಸಾಕಾಗುತ್ತಿತ್ತು. ಇಂದು ಅದೇ ಕುಣಿಗಲ್ಲಿನ ಮೂಲಕ ಬೆಂಗಳೂರು–ಹಾಸನ ರೈಲುಗಳು ಓಡುತ್ತವೆ. ವೇಗವಾಗಿ ಓಡುವ ರೈಲು ಬ್ರೇಕು ಹಾಕಿದೊಡನೆ ನಿಲ್ಲದು. ನೂರಾರು ಮೀಟರು ಮುಂದೆ ಸಾಗಿಯೇ ನಿಲ್ಲುತ್ತದೆ. ಕಣ್ಣಿಗೆ ಅಪಾಯ ಕಾಣುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

2012ರ ಮೇ 22ರ ನಸುಕಿನಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ರೈಲು ಪೆನುಕೊಂಡದ ಬಳಿ ಕೆಂಪು ಸಿಗ್ನಲನ್ನು ದಾಟಿ, ನಿಂತಿದ್ದ ಸರಕು ರೈಲಿಗೆ ಅಪ್ಪಳಿಸಿತು. ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಇಂತಹ ಅನಾಹುತಗಳನ್ನು ತಡೆಯಲು ಭಾರತೀಯ ರೈಲ್ವೆಯ ಸಂಶೋಧನ ಸಂಸ್ಥೆಯು ದೇಶದ ಉದ್ಯಮಗಳ ನೆರವಿನಿಂದ ರೂಪಿಸಿದ ವ್ಯವಸ್ಥೆಯೇ ‘ಕವಚ್’. 2016ರಲ್ಲಿ ಪ್ರಯಾಣಿಕರ ರೈಲುಗಳಲ್ಲಿ ಅದರ ಪರೀಕ್ಷೆ ಆರಂಭವಾಯಿತು. ಪರೀಕ್ಷೆಗೆ ಆರಿಸಿದ ಮಾರ್ಗಗಳು ನಮ್ಮ ವಾಡಿ, ಬೀದರುಗಳವರೆಗೂ ಹಬ್ಬಿದ್ದವು.

ಹಳಿಗಳ ನಡುವೆ ಅಲ್ಲಲ್ಲಿ ಅಳವಡಿಸಿದ ಪುಟ್ಟ ಗುರುತುಪಟ್ಟಿಗಳನ್ನು ಎಂಜಿನು ಓಡುತ್ತಲೇ ಓದಿಕೊಂಡು ತಾನಿರುವ ಸ್ಥಳವನ್ನು ತಿಳಿಯುತ್ತದೆ. ತನ್ನ ಸ್ಥಳ, ದಿಕ್ಕು ಮತ್ತು ವೇಗಗಳನ್ನು ರೇಡಿಯೋ ಅಲೆಗಳ ಮೂಲಕ ನಿಲ್ದಾಣಕ್ಕೆ ತಿಳಿಸುತ್ತದೆ. ಎಲ್ಲಿಯವರೆಗೆ ಸಾಗಬಹುದೆಂಬ ಅಪ್ಪಣೆ ನಿಲ್ದಾಣದಿಂದ ಮರಳಿ ಬರುತ್ತದೆ. ಅಗತ್ಯವಿದ್ದಾಗ ಎಂಜಿನುಗಳು ನೇರವಾಗಿ ಪರಸ್ಪರ ಸಂಪರ್ಕಿಸಲೂ ಬಲ್ಲವು. ಚಾಲಕನು ಬ್ರೇಕು ಹಾಕದಿದ್ದರೆ ಯಂತ್ರವೇ ಹಾಕುತ್ತದೆ.

ಆದರೆ ಹತ್ತಾರು ರೈಲುಗಳು ಒಮ್ಮೆಗೇ ಮಾತನಾಡತೊಡಗಿದರೆ ಯಾವ ಮಾತೂ ಕೇಳಿಸದು. ಆದುದರಿಂದ ಯಾರು ಯಾವ ಕ್ಷಣದಲ್ಲಿ, ಯಾವ ಕ್ರಮದಲ್ಲಿ, ಏನನ್ನು ಹೇಳಬೇಕೆಂಬ ಕಟ್ಟುಪಾಡು ಬೇಕು. ಇದಕ್ಕೆ ‘ಪ್ರೋಟೋಕಾಲ್’ ಎಂದು ಹೆಸರು. ಕವಚ್‌ನಲ್ಲಿ ಪ್ರತಿಯೊಂದು ರೈಲಿಗೂ ಅದರದೇ ಸರದಿಯ ಕ್ಷಣವಿದೆ. ಇನ್ನೊಂದು ನಿಯಮ ಇದಕ್ಕಿಂತ ಮುಖ್ಯವಾದುದು: ಮೌನವನ್ನು ಕ್ಷೇಮವೆಂದು ಭಾವಿಸಬಾರದು. ಸಕಾಲದಲ್ಲಿ ಹೊಸ ಸಂದೇಶ ಬಾರದಿದ್ದರೆ ಹಳೆಯದನ್ನು ನೆಚ್ಚಿ ಮುನ್ನುಗ್ಗುವಂತಿಲ್ಲ.

2022ರ ಮಾರ್ಚ್ 4ರಂದು ಸಿಕಂದರಾಬಾದು ವಿಭಾಗದಲ್ಲಿ ನಡೆದ ಪ್ರಯೋಗದಲ್ಲಿ, ರೈಲ್ವೆ ಸಚಿವರಿದ್ದ ರೈಲು ಎದುರಿನ ಎಂಜಿನಿಗೆ 380 ಮೀಟರ್ ದೂರದಲ್ಲಿ ತಾನಾಗಿಯೇ ನಿಂತಿತು.

ರಸ್ತೆಯ ಮೋಟಾರುಗಳಿಗೂ ಇಂತಹ ಏರ್ಪಾಡು ರೂಪುಗೊಂಡಿದೆ. ಅದರಲ್ಲಿ ಪ್ರತಿ ವಾಹನವೂ ತನ್ನ ಸ್ಥಾನವನ್ನೂ ವೇಗವನ್ನೂ ಸೆಕೆಂಡಿಗೆ ಸುಮಾರು ಹತ್ತು ಸಲ ಸುತ್ತಲಿನವುಗಳಿಗೆ ಸಾರುತ್ತದೆ. ಮರೆಯಲ್ಲಿರುವ ವಾಹನ ಬ್ರೇಕು ಹಾಕಿದುದು ಹಿಂದಿನವನಿಗೆ ಕಾಣುವ ಮೊದಲೇ ತಿಳಿಯುತ್ತದೆ. ವೇಗವನ್ನು ಗಳಿಸಿಕೊಂಡ ಮಾನವನಿಗೆ ಆ ವೇಗದಲ್ಲಿಯೂ ನೆರೆಯವನ ಇರವನ್ನು ಅರಿತು ನಡೆಯುವ ಸಂಯಮ ಅತ್ಯಗತ್ಯ. ಆ ಸಂಯಮವೇ ಇಲ್ಲಿ ಯಂತ್ರದ ನಿಯಮವಾಗಿದೆ.