ಮಲ ತೂಗಿದ ಸರ್ಜನ್

ಎಕ್ಸ್‌ರೇಯಲ್ಲಿ ಕಾಣುವಂಥ 25 ಪುಟ್ಟ ಗುಳಿಗೆಗಳನ್ನು ನುಂಗಬೇಕು. ಆಮೇಲೆ ಎರಡಕ್ಕೆ ಹೋದಾಗಲೆಲ್ಲ ಪ್ಲಾಸ್ಟಿಕ್ ಚೀಲ ಹಿಡಿದು ಹೋಗಬೇಕು; ಬಂದದ್ದನ್ನು ಕಟ್ಟಿ, ಹೊತ್ತು ಬರೆದು ಒಪ್ಪಿಸಬೇಕು. ಚೀಲವನ್ನು ತೂಗುತ್ತಾರೆ, ಎಕ್ಸ್‌ರೇ ತೆಗೆದು ಒಳಗಿನ ಗುಳಿಗೆ ಎಣಿಸುತ್ತಾರೆ. 20 ಹೊರಬಿದ್ದವೆಂದರೆ ಲೆಕ್ಕ ಮುಗಿಯಿತು: ತಿಂದದ್ದು ಹೊರಬರಲು ಇಷ್ಟು ಹೊತ್ತು.

ಬ್ರಿಟನ್ನಿನ ನೌಕಾಪಡೆಯ ಮಂದಿಗೆ ಸುಮಾರು 83 ಗಂಟೆ ಬೇಕಾಯಿತು, ದಿನದ ಮಲ 100 ಗ್ರಾಂ ಚಿಲ್ಲರೆ. ಉಗಾಂಡದ ಹಳ್ಳಿಗರಿಗೆ ಸುಮಾರು 36 ಗಂಟೆ, ತೂಕ ನಾಲ್ಕು ಪಟ್ಟಿಗೂ ಹೆಚ್ಚು. 1972ರಲ್ಲಿ ಇದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಮೂವರಲ್ಲಿ ಡೆನಿಸ್ ಬರ್ಕಿಟ್ ಒಬ್ಬರು. ಹಳ್ಳಿಗಾಡಿನಲ್ಲಿ ಕಂಡ ಮಲದ ಫೋಟೊ ತೆಗೆದು, ಉಪನ್ಯಾಸಗಳಲ್ಲಿ ದೊಡ್ಡ ದೊಡ್ಡ ವೈದ್ಯರ ಮುಂದೆ ಸಂಕೋಚವಿಲ್ಲದೆ ಸ್ಲೈಡ್ ತೋರಿಸುತ್ತಿದ್ದವರು.

ಹುಟ್ಟಿದ್ದು 1911ರಲ್ಲಿ, ಐರ್ಲೆಂಡಿನ ಎನ್ನಿಸ್ಕಿಲನ್‌ನಲ್ಲಿ. ಹನ್ನೊಂದರ ವಯಸ್ಸಿಗೆ ಒಂದು ಕಣ್ಣು ಹೋಯಿತು. ಒಕ್ಕಣ್ಣಿನ ಸರ್ಜನ್ ಆಫ್ರಿಕಾಕ್ಕೆ ಬೇಡವೆಂದು ವಸಾಹತು ವೈದ್ಯಕೀಯ ಸೇವೆ ಮೊದಲು ತಿರಸ್ಕರಿಸಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಗಾಂಡ ಸೇರಿಕೊಂಡರು. ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಒಂದು ಮಗುವಿನ ದವಡೆ ನಾಲ್ಕೂ ಕಡೆ ಊದಿದ್ದು ಕಂಡು ಬೆರಗಾದರು. ಕೆಲ ವಾರಗಳ ಮೇಲೆ ಜಿಂಜಾದ ಆಸ್ಪತ್ರೆಯ ಕಿಟಕಿಯಾಚೆ ತಾಯಿಯ ಪಕ್ಕ ಕೂತ ಇನ್ನೊಂದು ಮಗು, ಅದೇ ಮುಖ. ಅಲ್ಲಿಂದ ಪತ್ರ, ಪ್ರಶ್ನಾವಳಿ, ನಕಾಶೆ. 1961ರಲ್ಲಿ ಹಳೆಯ ಕಾರಿನಲ್ಲಿ 10 ವಾರ, 10,000 ಮೈಲಿ. ಆ ಊತ ಒಂದು ಬಗೆಯ ಕ್ಯಾನ್ಸರ್; ಅದಕ್ಕೆ ಇವರದೇ ಹೆಸರು ನಿಂತಿತು. ಆದರೆ ಇಲ್ಲಿ ಮುಖ್ಯವಾದದ್ದು ಆ ಹೆಸರಲ್ಲ, ಆ ಓಡಾಟದಲ್ಲಿ ಬೆಳೆದ ಮಿಷನ್ ಆಸ್ಪತ್ರೆಗಳ ನಂಟು.

ಇಂಗ್ಲೆಂಡಿಗೆ ಮರಳಿದ ಮೇಲೆ, 1967ರಲ್ಲಿ, ನೌಕಾಪಡೆಯ ವೈದ್ಯ ಪೀಟರ್ ಕ್ಲೀವ್ ಪರಿಚಯವಾದರು. ಬಿಳಿ ಹಿಟ್ಟು, ಬಿಳಿ ಸಕ್ಕರೆಯೇ ಹತ್ತಾರು ರೋಗಗಳ ಬೇರು ಎನ್ನುತ್ತಿದ್ದ ಅವರ ಮಾತನ್ನು ಕೇಳುವವರು ಕಡಿಮೆ. ಬರ್ಕಿಟ್ ಕೇಳಿದರು, ಜೊತೆಗೆ ಹಳೆಯ ಆಸ್ಪತ್ರೆಗಳಿಗೆ ಹೊಸ ಪತ್ರ ಬರೆದರು: ನಿಮ್ಮಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಎಷ್ಟು, ಅಪೆಂಡಿಸೈಟಿಸ್ ಎಷ್ಟು? ಹೆಚ್ಚುಕಡಿಮೆ ಎಲ್ಲ ಕಡೆಯಿಂದಲೂ 'ಬಲು ಅಪರೂಪ' ಎಂಬ ಉತ್ತರ ಬಂತು. ಸಕ್ಕರೆ ಸೇರಿದ್ದಕ್ಕಿಂತ ನಾರು ಬಿಟ್ಟುಹೋದದ್ದೇ ಕೇಡು ಎಂದು ಬರ್ಕಿಟ್ ತೀರ್ಮಾನಿಸಿದರು. ಅವರ ವಾದ: ನಾರಿದ್ದರೆ ಮಲ ಹೆಚ್ಚುತ್ತದೆ, ಬೇಗ ಹೊರಬೀಳುತ್ತದೆ, ಕ್ಯಾನ್ಸರ್ ತರುವ ವಸ್ತುಗಳು ಕರುಳಿಗೆ ತಾಗುವುದು ಕಡಿಮೆಯಾಗುತ್ತದೆ. ಬ್ರಿಟನ್ನಿನಲ್ಲಿ ಜನ ದುಡ್ಡು ಕೊಟ್ಟು ಗೋಧಿ ಹೊಟ್ಟು ತಿನ್ನತೊಡಗಿದರು. (ನಮ್ಮಲ್ಲಿ ಅದು ಬೂಸಾ, ಹಸುವಿನ ಪಾಲು.)

ನನ್ನ ಮಟ್ಟಿಗೆ ಇದು ಒಳ್ಳೆಯ ಊಹೆ, ಸಡಿಲ ಪುರಾವೆ. ಉಗಾಂಡದ ಹಳ್ಳಿಗನಿಗೂ ಲಂಡನ್ನಿನವನಿಗೂ ವ್ಯತ್ಯಾಸ ನಾರೊಂದರಲ್ಲೇ? ಮಾಂಸ, ಕೊಬ್ಬು, ಮೈತೂಕ, ಆಯಸ್ಸು, ಎಲ್ಲವೂ ಬೇರೆ. ಬರ್ಕಿಟ್ 1993ರಲ್ಲಿ ತೀರಿಕೊಂಡರು. 1999ರಲ್ಲಿ ಅಮೆರಿಕದ 88,000ಕ್ಕೂ ಹೆಚ್ಚು ನರ್ಸ್‌ಗಳ ಅಧ್ಯಯನ ಕರುಳಿನ ಕ್ಯಾನ್ಸರಿನ ವಿರುದ್ಧ ನಾರಿನಿಂದ ಯಾವ ರಕ್ಷಣೆಯನ್ನೂ ಕಾಣಲಿಲ್ಲ. 2003ರಲ್ಲಿ ಯುರೋಪಿನ ಹತ್ತು ದೇಶಗಳ ಅಧ್ಯಯನ ಕಂಡಿತು. ಬರ್ಕಿಟ್ ನಾರನ್ನು ಮುಖ್ಯವಾಗಿ ಪೊರಕೆಯೆಂದು ಬಗೆದಿದ್ದರು. ಅದು ಕರುಳಿನ ಬ್ಯಾಕ್ಟೀರಿಯಾಗಳ ಊಟವೂ ಹೌದು. ಅವು ಅದನ್ನು ಹುಳಿಯಿಸಿ ಮಾಡುವ ಬ್ಯುಟಿರೇಟ್ ಕರುಳಿನ ಒಳಪದರವನ್ನು ಪೋಷಿಸುತ್ತದೆ.

2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪಿಟ್ಸ್‌ಬರ್ಗ್‌ನ 20 ಆಫ್ರಿಕನ್ ಅಮೆರಿಕನ್ನರಿಗೂ ದಕ್ಷಿಣ ಆಫ್ರಿಕಾದ ಹಳ್ಳಿಯ 20 ಮಂದಿಗೂ ಎರಡು ವಾರ ಊಟ ಅದಲುಬದಲು ಮಾಡಿದರು. ಅಮೆರಿಕದವರಿಗೆ ಮೆಕ್ಕೆಜೋಳ, ಕಾಳು, ತರಕಾರಿ. ಹಳ್ಳಿಯವರಿಗೆ ಸಾಸೇಜ್, ಬರ್ಗರ್. ಹದಿನಾಲ್ಕೇ ದಿನದಲ್ಲಿ ಅಮೆರಿಕದವರ ಕರುಳಿನ ಒಳಪದರದ ಉರಿಯೂತ ತಗ್ಗಿತು, ಬ್ಯುಟಿರೇಟ್ ಏರಿತು. ಹಳ್ಳಿಯವರಲ್ಲಿ ಎಲ್ಲವೂ ತಿರುವುಮುರುವು.