ಮಲಾಡಿನ ನೆಲವೂ ಯಂತ್ರಗಳ ಪಾಲನೆಯೂ
ಹಿಂದೆ ಮುಂಬಯಿ ನಗರದ ಕಸವನ್ನು ಸುರಿಯುತ್ತಿದ್ದ ಭೂಮಿಯ ಮೇಲೆ ತಲೆಯೆತ್ತಿದ ಮಲಾಡ್ ಪಶ್ಚಿಮದ ಮೈಂಡ್‌ಸ್ಪೇಸ್ ಸೌಧಗಳಲ್ಲಿ, ನೆಲದಡಿಯ ಅನಿಲಗಳಿಂದ ಗಣಕಯಂತ್ರಗಳ ಬಿಡಿಭಾಗಗಳು ಸವೆಯುತ್ತವೆಂಬ ದೂರು ಕೇಳಿಬಂದಿದ್ದುದನ್ನು ನೆನೆದರೆ, ಉದ್ಯಮಗಳು ಕೊಳ್ಳುವ ಸಂಯೋಜಕ, ಮೇಲ್ವಿಚಾರಕ ಎಂಬ ಎರಡು ಬಗೆಯ ತಂತ್ರಾಂಶಗಳ ಭೇದವು ಸ್ಫುಟವಾಗುವುದು. 1993ರಲ್ಲಿ ಐಬಿಎಂ ಹೊರತಂದ ಎಂಕ್ಯೂಸೀರೀಸ್, ಗಣಕಗಳನ್ನು ಪರಸ್ಪರ ಬೆಸೆಯುವ ಸಂಯೋಜಕ ವರ್ಗದ್ದು. ಬ್ಯಾಂಕಿನ ಹಳೆಯ ಗಣಕವು ಕಳುಹಿದ ಸಂದೇಶವನ್ನು, ಸ್ವೀಕರಿಸತಕ್ಕ ಯಂತ್ರವು ಕೆಟ್ಟು ಮಲಗಿದ್ದರೂ, ಅದು ಎಚ್ಚರಗೊಳ್ಳುವವರೆಗೆ ಸರದಿಯಲ್ಲಿ ಕಾಪಾಡಿಡುವುದು. ಆದರೆ ಕೆಟ್ಟುದೆಲ್ಲಿ ಎಂಬುದನ್ನರಿಯಲು, 1999ರಲ್ಲಿ ನೆಟ್‌ಸೇಂಟ್ ಎಂಬ ನಾಮದಿಂದ ಜನಿಸಿದ ನ್ಯಾಗಿಯೋಸ್‌ನಂತಹ ಮೇಲ್ವಿಚಾರಕ ತಂತ್ರಾಂಶವೇ ಬೇಕು. ಡಿಸ್ಕು, ಜಾಲ, ಉಷ್ಣತೆಗಳನ್ನು ನಿಯತವಾಗಿ ಪರೀಕ್ಷಿಸಿ ಅದು ಎಚ್ಚರಿಸುವುದು. ಅದರ ಮೂಲಸಂಕೇತ ಮುಕ್ತವಾದುದರಿಂದ ಪರವಾನಗಿಯ ವೆಚ್ಚವಿಲ್ಲ. ಕುಶಲರ ವೇತನವಂತೂ ಉಂಟು! ಈ ಎರಡು ಬಗೆಯ ತಂತ್ರಾಂಶಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮಾರಾಟಗಾರರ ಕೋಷ್ಟಕಗಳನ್ನು ನಾನು ನಂಬೆನು. ಮಲಾಡಿನಂತಹ ನೆಲದಲ್ಲಿ ಮೊದಲು ಅಳವಡಿಸತಕ್ಕದ್ದು ಮೇಲ್ವಿಚಾರಕವನ್ನೇ.